ತೇಯುವ ಕಲ್ಲಿನ ಮೇಲೆ ರೋಮಿನ ಚಿನ್ನ

ನನ್ನ ಮಗ ಹುಟ್ಟಿದ ಹನ್ನೊಂದನೇ ದಿನ ರೋಮ್ ಸಾಮ್ರಾಜ್ಯದ ಸ್ವಲ್ಪ ಭಾಗವನ್ನು ತಿಂದ. ಈ ಮಾತನ್ನು ಯಾರೂ ನಂಬುವುದಿಲ್ಲ. ಅವನಂತೂ 'ಅಮ್ಮಾ, ಪ್ಲೀಸ್, ನಾಟ್ ಅಗೇನ್' ಎಂದು ಕೈಯಾಡಿಸಿ ಎದ್ದುಹೋಗುತ್ತಾನೆ. ತಿನ್ನಿಸಿದವಳು ನನ್ನ ಅಮ್ಮ. ನಡೆದದ್ದು ಕುವೈತಿನ ಫರ್ವಾನಿಯಾದಲ್ಲಿ, ಲಿಫ್ಟ್ ಕೆಟ್ಟಿದ್ದ ಕಟ್ಟಡದ ಮೂರನೇ ಮಹಡಿಯ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ, ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ. ನಂಬುವವರು ನಂಬಲಿ, ಬಿಡುವವರು ಬಿಡಲಿ, ನಾನು ಹೇಳುವುದನ್ನು ಹೇಳಿಯೇ ತೀರುತ್ತೇನೆ.

ನಾನು ಮಂಗಳೂರಿನವಳು. ಇವರು, ಅಂದರೆ ನನ್ನ ಗಂಡ, ಧಾರವಾಡದ ಕಡೆಯವರು. ಇವರಿಗೆ ತುಳು ಬಾರದು, ನನಗೆ ಇವರ ಊರಿನ ಮಾತಿನ ವೇಗ ಹಿಡಿಯದು. ಶಾಲೆಯಲ್ಲಿ ಕಲಿತ ಕನ್ನಡವೇ ನಡುವೆ ನಿಂತು ನಮ್ಮ ಸಂಸಾರ ಉಳಿಸಿತು. ಇವರು ಒಂದು ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದರು. ನಾನು ರುಮೈಥಿಯಾದಲ್ಲಿ ಒಬ್ಬ ಕುವೈತಿ ಹಿರಿಯರ ಮನೆಗೆ ಅಂಟಿಕೊಂಡಿದ್ದ ಸಣ್ಣ ಆಫೀಸಿನಲ್ಲಿ ಟೈಪಿಸ್ಟ್. ಮನೆಯಲ್ಲೂ ಆಫೀಸಿನಲ್ಲೂ ಎಲ್ಲರೂ ಅವರನ್ನು ಬಾಬಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನನಗೆ ವೀಸಾ ಕೊಟ್ಟ ಕಫೀಲ್ ಅವರೇ. ಕೊಲ್ಲಿಯಲ್ಲಿ ದುಡಿದವರಿಗೆ ಆ ಶಬ್ದ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ಸಾಕು: ಕಫೀಲನ ಸಹಿ ಇದ್ದರೆ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ. ಸಹಿ ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ವಿಮಾನ ಹತ್ತಬೇಕು.

ಬಾಬಾ ನೆಲಕ್ಕೆ ಹಾಸುವ ಟೈಲ್ಸ್ ಆಮದು ಮಾಡುತ್ತಿದ್ದರು. ಆದರೆ ಟೈಲ್ಸ್ ತನ್ನಷ್ಟಕ್ಕೆ ಬಂದು ತನ್ನಷ್ಟಕ್ಕೆ ಮಾರಿಹೋಗುತ್ತಿತ್ತು, ಅವರ ಜೀವ ಇದ್ದದ್ದು ಹಳೆಯ ನಾಣ್ಯಗಳಲ್ಲಿ. ನನ್ನ ಅರ್ಧ ಕೆಲಸ ನಾಣ್ಯಗಳ ವಿವರ ಟೈಪ್ ಮಾಡುವುದು. ಹತ್ತಿರ ಹೋಗುವಾಗ ಕೈಗೆ ಬಿಳಿ ಗವಸು, ಬಾಯಿಗೆ ಅಡ್ಡ ಟಿಶ್ಯೂ. ನಾಣ್ಯಕ್ಕೆ ಉಸಿರು ತಾಗಬಾರದಂತೆ. ಒಮ್ಮೆ ನನಗೆ ಸೀನು ಬಂದದ್ದಕ್ಕೆ ಇಡೀ ಪೆಟ್ಟಿಗೆಯನ್ನು ಎತ್ತಿಕೊಂಡು ಇನ್ನೊಂದು ಕೋಣೆಗೆ ಓಡಿದ್ದರು. ಹಳೆಯ ಕುವೈತಿ ವ್ಯಾಪಾರಿಗಳಂತೆ ಅವರಿಗೂ ಬೊಂಬಾಯಿ ಹಿಂದಿ ಬರುತ್ತಿತ್ತು, ಚಿಕ್ಕಂದಿನಲ್ಲಿ ಅಪ್ಪನ ಜೊತೆ ಖರ್ಜೂರದ ಹಡಗಿನಲ್ಲಿ ಹೋಗಿ ಬಂದವರು. ಹಾಗಾಗಿ ನನ್ನನ್ನು ಬೈಯಲು ಅವರಿಗೆ ಭಾಷೆಯ ತೊಂದರೆ ಇರಲಿಲ್ಲ.

ಆ ಮನೆಯಲ್ಲಿ ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೆ ಬಾಬಾ ಅವರ ಮೊಮ್ಮಗಳಿಗೆ ಮೂರೂವರೆ ವರ್ಷವಾದರೂ ಮಾತು ಬಂದಿರಲಿಲ್ಲ. ಕಿವಿ ಚೆನ್ನಾಗಿದೆ, ಬುದ್ಧಿ ಚುರುಕಾಗಿದೆ, ಕಾಯಿರಿ ಎಂದು ಡಾಕ್ಟರರು ಹೇಳುತ್ತಿದ್ದರು. ಕಾಯುತ್ತ ಕಾಯುತ್ತ ಮನೆಯವರು ಬಾಡಿಹೋಗಿದ್ದರು. ಆ ಮಗುವನ್ನು ಅವರು ಸಾಕುತ್ತಿದ್ದ ರೀತಿ ನೋಡಬೇಕಿತ್ತು. ನೀರಿನ ಕಡೆ ಕಣ್ಣು ಹೊರಳಿಸುವಷ್ಟರಲ್ಲಿ ಒಬ್ಬಳು ಆಯಾ ಲೋಟ ಹಿಡಿದಿರುತ್ತಿದ್ದಳು, ಬಾಗಿಲಿನ ಕಡೆ ತಿರುಗಿದರೆ ಇನ್ನೊಬ್ಬಳು ಚಪ್ಪಲಿ ಹಿಡಿದಿರುತ್ತಿದ್ದಳು. ಮಧ್ಯಾಹ್ನ ಅವಳು ಅಜ್ಜನ ತೊಡೆಯ ಮೇಲೆ ಕೂತು ನಾಣ್ಯ ನೋಡುತ್ತಿದ್ದಳು. ಅವಳೊಬ್ಬಳಿಗೆ ಮಾತ್ರ ಟಿಶ್ಯೂ ಬೇಡ. ಅದೇಕೆಂದು ಒಮ್ಮೆ ನಾನು ಪಿರಿಪಿರಿ ಮಾಡಿದೆ. ಅವಳು ಮಾತಾಡುವುದಿಲ್ಲವಲ್ಲ ಎಂದವರು, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಾನೂ ಆಗ ಬಸುರಿ. ಕೇಳಬಾರದಿತ್ತು ಅನ್ನಿಸಿತು.

ಅವರ ನಾಣ್ಯಗಳಲ್ಲೆಲ್ಲ ದೊಡ್ಡ ಯಜಮಾನನೆಂದರೆ ಒಂದು ಸಾಲಿಡಸ್. ರೋಮ್ ಸಾಮ್ರಾಜ್ಯದ ಪಶ್ಚಿಮದ ಅರ್ಧ ಬಿದ್ದುಹೋದ ಮೇಲೂ ಪೂರ್ವದಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಕೂತು ಆಳಿದ ಬೈಜಾಂಟಿಯಂ ಚಕ್ರವರ್ತಿಗಳ ಚಿನ್ನದ ನಾಣ್ಯ ಅದು. ತೂಕ ಅರ್ಧ ಪವನಿಗಿಂತ ತುಸು ಹೆಚ್ಚು. ಮುಂದಿನ ಬದಿಯಲ್ಲಿ ಗಡ್ಡದ ಚಕ್ರವರ್ತಿ ನೆಟ್ಟಗೆ ನಮ್ಮನ್ನೇ ನೋಡುತ್ತಾನೆ, ಕಿರೀಟದಿಂದ ಕಿವಿಯ ಪಕ್ಕಕ್ಕೆ ಮಣಿಯ ಎಳೆಗಳು ಇಳಿಬಿದ್ದಿವೆ. ಹಿಂದಿನ ಬದಿಯಲ್ಲಿ ಮೂರು ಮೆಟ್ಟಿಲು, ಮೆಟ್ಟಿಲ ಮೇಲೆ ಒಂದು ಶಿಲುಬೆ. ಈ ನಾಣ್ಯಗಳಿಗೆ ಒಂದು ವಿಚಿತ್ರ ಉಂಟು, ಎರಡು ಬದಿಗಳು ಒಂದಕ್ಕೊಂದು ತಲೆಕೆಳಗು. ರಾಜನ ತಲೆಯ ಹಿಂಬದಿಗೆ ಬರುವುದು ಶಿಲುಬೆಯ ಬುಡದ ಮೆಟ್ಟಿಲು. ಈ ತಲೆಕೆಳಗನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಬಾಬಾ ಅದನ್ನು ಹುಡುಗ ಪ್ರಾಯದಲ್ಲಿ ಬೊಂಬಾಯಿಯ ಚಿನಿವಾರ ಪೇಟೆಯಲ್ಲಿ ಕೊಂಡಿದ್ದರು. ಯುದ್ಧದ ವರ್ಷ ಇರಾಕಿನ ಸೈನಿಕರು ಮನೆ ಮನೆ ಜಾಲಾಡಿದಾಗ ಅಕ್ಕಿ ಮೂಟೆಯೊಳಗೆ ಹೂತಿಟ್ಟು ಉಳಿಸಿಕೊಂಡಿದ್ದರು. ಅದಕ್ಕಿದ್ದ ಒಂದೇ ಐಬು, ರಾಜನ ತಲೆಯ ಮೇಲೆ ಎರಡು ತೂತು. ಹಿಂದೆ ಯಾರೋ ಹೆಂಗಸು ಸರಕ್ಕೆ ಪೋಣಿಸಲು ಕೊರೆಸಿದ್ದು. ಬಾಬಾ ಆ ಹೆಂಗಸನ್ನು ಬೈಯುತ್ತಿದ್ದರು, ನಾನು ಮನಸ್ಸಿನಲ್ಲೇ ಅವಳ ಪರ ವಹಿಸುತ್ತಿದ್ದೆ. ಕತ್ತಿಗೆ ಹಾಕಲಾಗದ ಚಿನ್ನವನ್ನು ಇಟ್ಟುಕೊಂಡು ಎಂತ ಮಾಡುವುದು?

ಐಬನ್ನು ಮರೆಯಲು ಅವರ ದಾಯಾದಿ ಬಿಡುತ್ತಿರಲಿಲ್ಲ. ದೊಡ್ಡಪ್ಪನ ಮಗನಾದ ಅವರಿಗೂ ನಾಣ್ಯದ ಹುಚ್ಚು, ಅವರ ಹತ್ತಿರ ಒಂದಕ್ಕೂ ತೂತಿಲ್ಲ. ವಾರಕ್ಕೊಮ್ಮೆ ಶನಿವಾರ ಸಂಜೆ ಬಾಬಾ ಅವರ ದಿವಾನಿಯಾದಲ್ಲಿ, ಅಂದರೆ ಗಂಡಸರು ಕೂತು ಚಹಾ ಕುಡಿದು ಹರಟುವ ಹೊರಗಿನ ಕೋಣೆಯಲ್ಲಿ, ಈ ದಾಯಾದಿ ಎಲ್ಲರೆದುರು ಒಂದೇ ಮಾತು ಕೇಳುತ್ತಿದ್ದರಂತೆ: ನಿನ್ನ ಚಕ್ರವರ್ತಿಯ ತಲೆಯ ಮೇಲಿನ ಮಾಡು ಇನ್ನೂ ಸೋರುತ್ತಿದೆಯೋ? ಮರುದಿನ ಆ ಸಿಟ್ಟು ನನ್ನ ಟೈಪಿಂಗ್ ತಪ್ಪುಗಳ ಮೇಲೆ ಇಳಿಯುತ್ತಿತ್ತು.

ಇಬ್ಬರೂ ಕನಸಿನಲ್ಲಿ ಕಾಣುತ್ತಿದ್ದ ಇನ್ನೊಂದು ನಾಣ್ಯವಿತ್ತು. ಬಾಬಾ ಅದರ ಕಥೆಯನ್ನು ನನಗೆ ಸಾಕುಬೇಕಾಗುವಷ್ಟು ಸಲ ಹೇಳಿದ್ದರು. ಅರಬರು ಸಿರಿಯಾ ಗೆದ್ದಾಗ ಅವರಿಗೆ ಸ್ವಂತ ಚಿನ್ನದ ನಾಣ್ಯ ಇರಲಿಲ್ಲ. ಪೇಟೆಯ ಜನ ರೋಮಿನ ನಾಣ್ಯ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಅದಕ್ಕೆ ಮೊದಮೊದಲು ಅರಬರೂ ಅದೇ ರಾಜ, ಅದೇ ಮೆಟ್ಟಿಲು ಇಟ್ಟು ಅಚ್ಚು ಹಾಕಿದರು, ಶಿಲುಬೆಯ ತೋಳನ್ನು ಮಾತ್ರ ತೆಗೆದುಬಿಟ್ಟರು. ಉಳಿದದ್ದು ಮೆಟ್ಟಿಲ ಮೇಲೊಂದು ಬೋಳು ಕಂಬ. ಆ ಕಂಬದ ನಾಣ್ಯ ಈಗ ಸಿಗುವುದೇ ಇಲ್ಲ ಅನ್ನುವಷ್ಟು ಅಪರೂಪ. ನಮ್ಮ ಜೇಬಿನ ದಿನಾರಿನ ಅಜ್ಜ ಅದು ಎಂದು ಬಾಬಾ ಪುಸ್ತಕದ ಚಿತ್ರದ ಮೇಲೆ ಬೆರಳಾಡಿಸುತ್ತಿದ್ದರು.

ಇನ್ನು ನನ್ನ ಬಾಯಿಯ ವಿಚಾರ. ದಾಯಾದಿಯ ಕಾಟ ತಡೆಯಲಾರದೆ ಅವರು ಒದ್ದಾಡುತ್ತಿದ್ದಾಗ, ಫಹಾಹೀಲಿನಲ್ಲಿ ನಮ್ಮ ಉಡುಪಿ ಕಡೆಯ ಒಬ್ಬ ಅಕ್ಕಸಾಲಿಗರಿದ್ದಾರೆ, ತೂತು ಇತ್ತು ಅಂತ ತೂತಿಗೇ ಗೊತ್ತಾಗದ ಹಾಗೆ ಮುಚ್ಚುತ್ತಾರೆ ಎಂದು ನಾನೇ ಹೇಳಿದೆ. ಯಾರೂ ಕೇಳಿರಲಿಲ್ಲ. ಬಾಬಾ ಎರಡು ವಾರ ಯೋಚಿಸಿ, ನಾಣ್ಯವನ್ನು ಮಖಮಲ್ಲಿನ ಡಬ್ಬಿಯಲ್ಲಿಟ್ಟು ಡ್ರೈವರನ ಜೊತೆ ನನ್ನನ್ನು ಫಹಾಹೀಲಿಗೆ ಕಳಿಸಿದರು. ಇದಕ್ಕೇನಾದರೂ ಆದರೆ ನೀನು ಊರಿಗೆ ಹೋಗಿ ಅಮ್ಮನ ಕೈಯಡುಗೆ ಉಣ್ಣಬಹುದು ಎಂದರು. ತಮಾಷೆಗೆ ಹೇಳಿದ್ದೆಂದು ನಗಲು ಹೋದೆ, ಅವರು ನಗಲಿಲ್ಲ.

ಅಷ್ಟರಲ್ಲಿ ನನ್ನ ಮಗ ಅವಸರ ಮಾಡಿ ಹುಟ್ಟಿಬಿಟ್ಟ. ಅಕ್ಕಸಾಲಿಗರ ಅಂಗಡಿಯಿಂದ ನಾಣ್ಯವನ್ನು ಇವರು ತಂದು, ಬಟ್ಟೆಯ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬಿಯೊಳಗಿಟ್ಟರು. ಶುಕ್ರವಾರ ಮಗುವನ್ನು ನೋಡಲು ಬರುತ್ತೇನೆ, ಆಗ ಒಯ್ಯುತ್ತೇನೆ, ಶನಿವಾರ ದಾಯಾದಿಗೆ ತೋರಿಸಬೇಕು ಎಂದು ಬಾಬಾ ಫೋನ್ ಮಾಡಿದರು. ತೂತು ಮುಚ್ಚಿದ್ದು ಹೇಗಿದೆ ಎಂದು ಕೇಳುವಾಗ ಅವರ ದನಿ ಹೊಸ ಮದುಮಗನ ಹಾಗಿತ್ತು.

ಬಾಣಂತನಕ್ಕೆಂದು ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಪೆಟ್ಟಿಗೆಯಲ್ಲಿ ಸೀರೆ ಎರಡು, ಉಳಿದದ್ದೆಲ್ಲ ಕಷಾಯದ ಪುಡಿ, ಲೇಹ, ಬಜೆ ಬೇರು, ಮತ್ತು ಒಂದು ತೇಯುವ ಕಲ್ಲು. ಹೊಸ ಕಲ್ಲು, ಇನ್ನೂ ಒರಟು. ವಿಮಾನ ನಿಲ್ದಾಣದಲ್ಲಿ ಇದೇನೆಂದು ಕೇಳಿದ ಅಧಿಕಾರಿಗೆ ಅಮ್ಮ ನಾಲಗೆ ಹೊರಹಾಕಿ ಬೆರಳಿನಿಂದ ಸವರಿ ತೋರಿಸಿದಳಂತೆ. ಅವನು ಹೆದರಿ ಬಿಟ್ಟುಬಿಟ್ಟ. ನಮ್ಮ ಕಡೆ ಹುಟ್ಟಿದ ಮಗುವಿಗೆ ಹನ್ನೊಂದನೇ ದಿನ ಬಜೆಯನ್ನೂ ಚಿನ್ನವನ್ನೂ ಜೇನಿನಲ್ಲಿ ತೇಯ್ದು ನಾಲಗೆಗೆ ಸವರುತ್ತಾರೆ. ಹಾಗೆ ಮಾಡಿದರೆ ಮಾತು ಬೇಗ ಬರುತ್ತದೆ, ಸ್ಪಷ್ಟವಾಗಿ ಬರುತ್ತದೆ ಎಂಬ ನಂಬಿಕೆ. ಆಸ್ಪತ್ರೆಯ ಮಲಯಾಳಿ ನರ್ಸ್ ಹಸುಗೂಸಿಗೆ ಜೇನು ಮುಟ್ಟಿಸಲೇಬೇಡಿ ಎಂದು ಗದರಿ ಕಳಿಸಿದ್ದಳು. ಅಮ್ಮ ಒಪ್ಪಿದಳು. ಜೇನು ಬೇಡ ಅಂದಿದ್ದಾಳೆ, ಎದೆಹಾಲಿನಲ್ಲಿ ತೇಯುತ್ತೇನೆ, ಚಿನ್ನ ಬೇಡ ಅನ್ನಲಿಲ್ಲವಲ್ಲ ಎಂದಳು.

ಹತ್ತನೇ ದಿನದ ಸಂಜೆ ನಾನು ಮಾಡಿದ ಕೆಲಸಕ್ಕೆ ಜಂಬ ಎಂದು ಹೆಸರು. ಡಬ್ಬಿ ತೆರೆದು ಅಮ್ಮನಿಗೆ ನಾಣ್ಯ ತೋರಿಸಿದೆ. ಅಮ್ಮ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ಇವ ಎಂತ, ಗಡ್ಡವೂ ಉಂಟು, ಜುಮುಕಿಯೂ ಉಂಟು? ಯಕ್ಷಗಾನದವನ?"

ಚಕ್ರವರ್ತಿ ಎಂದೆ. ಇದು ನಿನ್ನ ಬಳೆಯ ಹಾಗೆ ತಾಮ್ರ ಬೆರೆಸಿದ ಚಿನ್ನ ಅಲ್ಲ, ಆ ರಾಜರು ನೂರಾರು ವರ್ಷ ಒಂದು ಗುಲಗಂಜಿ ಬೆರಕೆ ಮಾಡಲಿಲ್ಲ, ಅದಕ್ಕೇ ಈ ನಾಣ್ಯಕ್ಕೆ ಲೋಕದಲ್ಲೆಲ್ಲ ಮರ್ಯಾದೆ ಎಂದು ಬಾಬಾ ಹೇಳಿದ್ದನ್ನೆಲ್ಲ ಗಿಳಿಪಾಠ ಒಪ್ಪಿಸಿದೆ. ಅಮ್ಮ ತಲೆಯಾಡಿಸಿ ಕೇಳಿದಳು. ಎಷ್ಟೋ ವರ್ಷಗಳ ನಂತರ ನನ್ನ ಒಂದು ಮಾತನ್ನು ಎದುರಾಡದೆ ಕೇಳಿಸಿಕೊಂಡಳಲ್ಲ ಎಂದು ಹಿಗ್ಗಿದೆ. ಅವಳ ತಲೆಯೊಳಗೆ ಏನು ತಿರುಗುತ್ತಿತ್ತೆಂದು ನನಗೆ ಹೇಗೆ ಗೊತ್ತಾಗಬೇಕು?

ಮರುದಿನವೇ ಹನ್ನೊಂದನೇ ದಿನ. ಎಣ್ಣೆ ನೀರು ಮುಗಿಸಿ, ತಲೆಗೆ ಬಟ್ಟೆ ಸುತ್ತಿ ನಾನು ಹೊರಗೆ ಬಂದಾಗ ಮನೆಯಲ್ಲಿ ಬಜೆಯ ಘಾಟು ತುಂಬಿತ್ತು. ಅಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಗುನುಗುತ್ತ ಕಲ್ಲಿನ ಮೇಲೆ ಏನನ್ನೋ ತೇಯುತ್ತಿದ್ದಳು. ಮಗುವಿನ ನಾಲಗೆಗೆ ಆಗಲೇ ಸವರಿ ಆಗಿತ್ತು, ಅವನು ತುಟಿ ಚಪ್ಪರಿಸುತ್ತ ಮಲಗಿದ್ದ. ಅಮ್ಮನ ಬೆರಳ ನಡುವೆ ಹೊಳೆದದ್ದು ಬಳೆಯಲ್ಲ, ಉಂಗುರವಲ್ಲ.

"ಅಮ್ಮಾ, ಕೈಯಲ್ಲಿ ಎಂತ ಅದು?"

"ನಿನ್ನ ಬಾಬಾನ ರಾಜ. ಹೆದರಬೇಡ, ಮುಖಕ್ಕೆ ಕಲ್ಲು ತಾಗಿಸಲಿಲ್ಲ. ಹಿಂದಿನ ಬದಿ ತೇಯ್ದದ್ದು."

ನಾನು ಕಿತ್ತುಕೊಂಡು ತಿರುಗಿಸಿ ನೋಡಿದೆ. ಶಿಲುಬೆಯ ಎರಡು ತೋಳೂ ಇಲ್ಲ, ತುದಿಯೂ ಇಲ್ಲ. ಮೆಟ್ಟಿಲು ಮಾತ್ರ ಹಾಗೇ ಉಳಿದು, ಅದರ ಮೇಲೆ ಒಂದು ಮೊಂಡು ಕಂಬ ನಿಂತಿತ್ತು. ನಾನು ಅಲ್ಲೇ ಕೂತುಬಿಟ್ಟೆ. ಅಮ್ಮ ತನ್ನ ಬುದ್ಧಿವಂತಿಕೆಯನ್ನು ವಿವರಿಸಿದಳು. ತೂತು ಮುಚ್ಚಿದ ಹೊಸ ಚಿನ್ನ ಯಾವ ಕ್ಯಾರೆಟ್ಟೋ ಯಾರಿಗೆ ಗೊತ್ತು, ಅದು ಮಗುವಿನ ಹೊಟ್ಟೆಗೆ ಹೋಗಬಾರದು. ಅದಕ್ಕೆ ಆ ತೇಪೆಯನ್ನು ಬೆರಳಲ್ಲಿ ಮುಚ್ಚಿ ಹಿಡಿದು ಆಚೆ ತುದಿಯನ್ನು ಮಾತ್ರ ತೇಯ್ದಳಂತೆ. ತೇಪೆ ಇದ್ದದ್ದು ರಾಜನ ತಲೆಯ ಮೇಲೆ, ಹಿಂದಿನಿಂದ ನೋಡಿದರೆ ಮೆಟ್ಟಿಲಿನ ಬುಡ. ಹಾಗೆ ಅವಳ ಬೆರಳಡಿಯಲ್ಲಿ ಮೆಟ್ಟಿಲು ಉಳಿಯಿತು, ಕಲ್ಲಿಗೆ ಶಿಲುಬೆ ಸಿಕ್ಕಿತು. ಎರಡು ಸುತ್ತು ತೇಯ್ದರೆ ಸಾಕಾಗುವ ಕಡೆ ಅವಳು ಮಗುವಿನ ಜೀವಮಾನಕ್ಕೆ ಬೇಕಾಗುವಷ್ಟು ಮಾತನ್ನು ತೇಯ್ದಿದ್ದಳು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎಂಬ ಗಾದೆ ಕೇಳಿದ್ದೆ. ಕಫೀಲನ ಒಡವೆಯನ್ನು ಅತ್ತೆ ದಾನ ಮಾಡಿದ್ದು ನಮ್ಮ ಮನೆಯಲ್ಲೇ ಮೊದಲು.

ನಿನ್ನ ಬಳೆ ಏನಾಗಿತ್ತು ಎಂದು ನಾನು ಅಳುತ್ತ ಕೇಳಿದೆ.

"ನಿನಗೆ ಪಕ್ಕದ ಮನೆಯವರ ಉಂಗುರ ತೇಯ್ದದ್ದು. ಅದರಲ್ಲಿ ಎಷ್ಟು ತಾಮ್ರ ಇತ್ತು ಅಂತ ನಿನ್ನ ನಾಲಗೆ ನೋಡಿದರೆ ಗೊತ್ತಾಗ್ತದೆ. ಈ ಮಗುವಿಗೂ ಹಾಗೇ ಆಗಬೇಕಿತ್ತಾ?"

ಇವರು ಡ್ಯೂಟಿ ಮುಗಿಸಿ ಬಂದು ನಾಣ್ಯ ನೋಡಿ ಸೋಫಾದ ಅಂಚಿನಲ್ಲಿ ಕೂತರು. "ಅತ್ತೀ, ಎಂಥಾ ಕೆಲಸಾ ಮಾಡಿದ್ರಿ. ಇನ್ನ ನಾವೂ ನಿಮ್ಮ ಜೋಡಿನ ವಿಮಾನ ಹತ್ತೂದು" ಎಂದರು. ಇವರ ಸಂಬಳದಲ್ಲಿ ಆ ಫ್ಲ್ಯಾಟಿನ ಬಾಡಿಗೆ ಕಟ್ಟಿದರೆ ಹೊಟ್ಟೆಗೆ ಗಾಳಿಯೇ ಗತಿ. ನನ್ನ ಕೆಲಸ ಹೋದರೆ ನಾನೂ ಮಗುವೂ ಊರಿಗೆ, ಇವರು ನಾಲ್ಕು ಜನರ ಜೊತೆ ಒಂದು ಕೋಣೆಗೆ. ಬಹಳ ಹೊತ್ತು ಯೋಚಿಸಿ ಇವರು ಒಂದು ಉಪಾಯ ಹೇಳಿದರು, ಅಕ್ಕಸಾಲಿಗರೇ ಉಜ್ಜಿಬಿಟ್ಟರು ಅಂದುಬಿಡೋಣ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಎದ್ದು ನಿಂತಳು. ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕುವುದು ಬೇಡ, ತೇಯ್ದದ್ದು ನಾನು, ಹೇಳುವುದೂ ನಾನೇ ಎಂದಳು. ಯಾವ ಭಾಷೆಯಲ್ಲಿ ಹೇಳುತ್ತೀ ಎಂದು ಕೇಳಿದೆ. ಮಂಗಳೂರಿನಲ್ಲಿ ಮಧ್ಯಾಹ್ನ ನೋಡುವ ಹಿಂದಿ ಧಾರಾವಾಹಿಗಳು ಮತ್ತೆ ಎಂತಕ್ಕೆ ಇರುವುದು ಎಂದಳು.

ಶುಕ್ರವಾರ ನಮಾಜು ಮುಗಿಸಿ ಬಾಬಾ ಬಂದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ, ಕೈಯಲ್ಲಿ ಒಂದು ದೊಡ್ಡ ಪೆಟ್ಟಿಗೆ ಖರ್ಜೂರ. ಮಗುವನ್ನು ನೋಡಿ ಮಾಷಾ ಅಲ್ಲಾ ಎಂದರು. ಅವರಲ್ಲೂ ಒಂದು ಪದ್ಧತಿ ಇದೆ, ಹುಟ್ಟಿದ ಮಗುವಿನ ಅಂಗುಳಕ್ಕೆ ಅಗಿದು ಮೆತ್ತಗೆ ಮಾಡಿದ ಖರ್ಜೂರ ಸವರುತ್ತಾರೆ. ಆ ಲೆಕ್ಕದಲ್ಲೇ ಇರಬೇಕು, ಮಗುವಿಗೆ ಖಜೂರ್ ಚಟಾಯಾ ಎಂದು ಅಮ್ಮನನ್ನು ಕೇಳಿದರು. ನೆಕ್ಕಿಸಿದಿರಾ ಎಂದು. ನಾನು ಕಣ್ಣು ಮುಚ್ಚಿಕೊಂಡೆ.

"ಖಜೂರ್ ನಹೀಂ" ಎಂದಳು ಅಮ್ಮ, ಕೋರ್ಟಿನಲ್ಲಿ ನಿಂತವಳಂತೆ. "ಸೋನಾ ಚಟಾಯಾ. ಆಪ್ ಕಾ ಸೋನಾ."

ಹೇಳಿ ನಾಣ್ಯವನ್ನು ಅವರ ಅಂಗೈಯಲ್ಲಿಟ್ಟಳು, ತೇಯ್ದ ಬದಿ ಮೇಲೆ ಮಾಡಿ. ಬಾಬಾ ಜೇಬಿನಿಂದ ಭೂತಗನ್ನಡಿ ತೆಗೆದರು. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು, ಯಾರೂ ಏಳಲಿಲ್ಲ. ಮ್ಯಾನೇಜರನೊಬ್ಬನನ್ನು ಅವರು 'ಖಲಾಸ್' ಎಂಬ ಒಂದೇ ಶಬ್ದದಲ್ಲಿ ಕೆಲಸದಿಂದ ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆ ಶಬ್ದಕ್ಕಾಗಿ ಕಾದು ಕೂತೆ. ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ಮುದುಕರು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಾರೆ. "ಖಂಬಾ, ಖಂಬಾ" ಎಂದು ಮೆಟ್ಟಿಲ ಮೇಲಿನ ಮೊಂಡು ಕಂಬವನ್ನು ನನಗೆ ತೋರಿಸಿದರು. ಆಗ ನನಗೂ ಹೊಳೆಯಿತು. ಹಿಂದೆ ಅರಬರು ಅಚ್ಚಿನಲ್ಲಿ ಮಾಡಿದ್ದನ್ನು ನನ್ನ ಅಮ್ಮ ಫರ್ವಾನಿಯಾದ ಅಡುಗೆಮನೆಯಲ್ಲಿ ಬಜೆ ತೇಯುವ ಕಲ್ಲಿನ ಮೇಲೆ ಮಾಡಿ ಮುಗಿಸಿದ್ದಳು.

ನಗು ನಿಂತ ಮೇಲೆ ಅವರು ಕೇಳಿದರು, ಚಿನ್ನ ಯಾಕೆ ನೆಕ್ಕಿಸುತ್ತೀರಿ? ಮಗುವಿಗೆ ಮಾತು ಬೇಗ ಬರಲಿ ಅಂತ ನಮ್ಮ ಕಡೆಯ ನಂಬಿಕೆ ಎಂದೆ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವರ ಮುಖದ ನಗು ಪೂರ್ತಿ ಇಳಿಯಿತು. ಅಮ್ಮನನ್ನು ಒಮ್ಮೆ, ಕಲ್ಲನ್ನು ಒಮ್ಮೆ ನೋಡಿ, ನಾಣ್ಯವನ್ನು ಡಬ್ಬಿಯಲ್ಲಿಟ್ಟುಕೊಂಡು ಚಹಾ ಕುಡಿಯದೆ ಹೊರಟುಹೋದರು. ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಶನಿವಾರದ ದಿವಾನಿಯಾದ ಸುದ್ದಿ ತಂದದ್ದು ಅವರ ಡ್ರೈವರ್, ಬಂಟ್ವಾಳ ಕಡೆಯ ಬ್ಯಾರಿ. ಬಾಬಾ ನಾಣ್ಯವನ್ನು ಕಂಬದ ಬದಿ ಮೇಲೆ ಮಾಡಿ ತಟ್ಟೆಯಲ್ಲಿಟ್ಟು ಸುಮ್ಮನೆ ಕೂತರಂತೆ. ದಾಯಾದಿ ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಇದು ಎಲ್ಲಿ ಸಿಕ್ಕಿತು ಎಂದು ಕೇಳುವಾಗ ದನಿಯೇ ಹೊರಡಲಿಲ್ಲ. ಫರ್ವಾನಿಯಾದಲ್ಲಿ ಎಂದರು ಬಾಬಾ. ಸುಳ್ಳೇನಲ್ಲವಲ್ಲ. ಅವತ್ತಿನಿಂದ ದಾಯಾದಿಯ ದೊಡ್ಡ ಕಾರು ನಮ್ಮ ಬೀದಿಗಳಲ್ಲಿ ತಿರುಗುತ್ತಿತ್ತು. ಪಾತ್ರೆ ಅಂಗಡಿ, ಹಳೆ ಸಾಮಾನಿನ ಅಂಗಡಿ, ಕೊನೆಗೆ ನಮ್ಮ ತರಕಾರಿಯವನ ಹತ್ತಿರವೂ ಕಂಬದ ಚಿನ್ನದ ನಾಣ್ಯ ಇದೆಯೇ ಎಂದು ವಿಚಾರಿಸಿದ್ದರಂತೆ. ಆಮೇಲೆ ಬಾಬಾ ಎಲ್ಲರೆದುರೇ ನಿಜ ಹೇಳಿ ನಗಾಡಿದರು, ದಾಯಾದಿ ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ ಎಂದು ಕೇಳಿದ್ದೇನೆ. ಆದರೆ ಆ ವಾರ ನನಗೆ ನಗುವ ಸ್ಥಿತಿ ಇರಲಿಲ್ಲ, ನನ್ನ ಹೊಟ್ಟೆಯೊಳಗೆ ಆ 'ಖಲಾಸ್' ಇನ್ನೂ ಸಿಕ್ಕಿಕೊಂಡೇ ಇತ್ತು.

ನಾಲ್ಕೈದು ದಿನ ಕಳೆದು ಬಾಬಾ ಫೋನ್ ಮಾಡಿದರು. ನಾಳೆ ಬರುತ್ತೇನೆ, ನಿನ್ನ ತಾಯಿ ಎಲ್ಲಿಗೂ ಹೋಗಬಾರದು ಎಂದಷ್ಟೇ ಹೇಳಿ ಇಟ್ಟರು. ಇವರು ಕಪಾಟಿನ ಮೇಲಿನಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿದರು. ಅಮ್ಮ ಮಾತ್ರ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದಳು. ಹೋಗುವುದಿದ್ದರೆ ಇದನ್ನು ಯಾರು ತಿನ್ನುತ್ತಾರೆ ಎಂದು ಕಿರುಚಿದೆ. ಉಪ್ಪಿನಕಾಯಿ ಕೆಡುವುದಿಲ್ಲ ಎಂದಳು.

ಮರುದಿನ ಬಾಗಿಲು ತೆರೆದರೆ ಬಾಬಾ, ಅವರ ಹೆಗಲಿನ ಮೇಲೆ ಮೊಮ್ಮಗಳು. ಮೂರು ಮಹಡಿ ಅವಳನ್ನು ಹೊತ್ತುಕೊಂಡೇ ಹತ್ತಿದ್ದರು. ಒಳಗೆ ಬಂದು, ನಮ್ಮ ಪ್ಲಾಸ್ಟಿಕ್ ಚಾಪೆಯ ಮೇಲೆ ಅಮ್ಮನ ಎದುರು ಕೂತು, ಡಬ್ಬಿ ತೆರೆದು ನಾಣ್ಯವನ್ನು ಕಲ್ಲಿನ ಪಕ್ಕ ಇಟ್ಟರು. ರಾಜನ ಮುಖ ಮೇಲಿತ್ತು.

"ಯೇ ಸೈಡ್ ಪೂರಾ ಹೈ" ಎಂದರು. ಈ ಬದಿ ಪೂರ್ತಿ ಉಳಿದಿದೆ, ಇದನ್ನು ತೇಯಿರಿ. ಹೇಳಿ ತಲೆ ತಗ್ಗಿಸಿದರು.

ಸೈನಿಕರಿಂದ ಬಚ್ಚಿಟ್ಟು ಉಳಿಸಿಕೊಂಡ ಮುಖ ಅದು. ನನ್ನ ಉಸಿರು ತಾಗಬಾರದೆಂದು ಬಾಯಿಗೆ ಟಿಶ್ಯೂ ಕಟ್ಟಿಸಿದ ಮುಖ. ನನಗೆ ಅಳು ತಡೆಯಲಾಗಲಿಲ್ಲ, ಮಗುವನ್ನು ಎತ್ತಿಕೊಳ್ಳುವ ನೆಪದಲ್ಲಿ ಮುಖ ಆಚೆ ತಿರುಗಿಸಿದೆ.

ಅಮ್ಮ ಅಳುವ ಪೈಕಿಯಲ್ಲ. ಹನ್ನೊಂದನೇ ದಿನ ಆಗಬೇಕಾದ್ದಕ್ಕೆ ಮೂರೂವರೆ ವರ್ಷ ಎಂತ ಮಾಡುತ್ತಿದ್ದರು, ಕೇಳು ಎಂದಳು. ನಾನು ಅದರಲ್ಲಿ ಕಾಲು ಭಾಗವನ್ನು ಮಾತ್ರ ಅನುವಾದಿಸಿದೆ. ಆಮೇಲೆ ನಾಣ್ಯವನ್ನು ಮಗುಚಿ ಹಾಕಿದಳು. ರಾಜ ನೋಡುತ್ತಾ ಇದ್ದಾನೆ, ಅವನ ಮುಖ ಬೇಡ, ಕಂಬವೇ ಸಾಕು ಎಂದಳು. ಇವಳು ಹಸುಗೂಸಲ್ಲವಲ್ಲ ಎಂದು ಈ ಸಲ ಧಾರಾಳವಾಗಿ ಜೇನು ಹಾಕಿ ಉಳಿದ ಕಂಬವನ್ನು ತೇಯ್ದು, ಬೆರಳ ತುದಿಯಲ್ಲಿ ತೆಗೆದು ಹುಡುಗಿಯ ನಾಲಗೆಗೆ ಸವರಿದಳು.

ಹುಡುಗಿ ಮುಖ ಕಿವುಚಿದಳು, ಬಜೆ ಕಹಿ. ಹಿಂದೆಯೇ ಜೇನು ಸಿಕ್ಕಿರಬೇಕು, ಕಣ್ಣು ಅರಳಿತು. ಬಾಯಿ ತೆರೆದು ಅಮ್ಮನ ಬೆರಳನ್ನೇ ನೋಡಿದಳು. ಅಮ್ಮ ಜೇನಿನ ಬಟ್ಟಲನ್ನು ಎತ್ತಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು. ಬಾಬಾ ಗಾಬರಿಯಿಂದ ಬಟ್ಟಲಿಗೆ ಕೈ ಚಾಚಿದರು. ಅಮ್ಮ ಆ ಕೈಗೆ ಪಟ್ಟೆಂದು ಒಂದು ಹೊಡೆದಳು. ನಾಲ್ಕು ಮನೆಯವರು ನಡುಗುವ ಕಫೀಲನ ಕೈಗೆ.

"ಕೇಳಲಿ" ಎಂದಳು. "ಬೇಕಾದರೆ ಕೇಳಲಿ."

ಅದನ್ನು ಅನುವಾದ ಮಾಡಬೇಕಾಗಲಿಲ್ಲ. ಹುಡುಗಿ ಅಜ್ಜನನ್ನು ನೋಡಿದಳು, ಅಜ್ಜ ಕೈ ಮಡಿಚಿಕೊಂಡು ಕೂತಿದ್ದರು. ನನ್ನನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ಇವರನ್ನು ನೋಡಿದಳು. ಅಮ್ಮನ ಕಣ್ಣಿಗೆ ಹೆದರಿ ಯಾರೂ ಅಲುಗಲಿಲ್ಲ. ಹುಡುಗಿಯ ಜೀವನದಲ್ಲಿ ಒಂದು ವಸ್ತು ನೋಡಿದೊಡನೆ ಕೈಗೆ ಬಾರದೆ ಇದ್ದದ್ದು ಅದೇ ಮೊದಲಿರಬೇಕು. ಮುಖ ಕೆಂಪಾಯಿತು, ಗದ್ದ ನಡುಗಿತು, ಕಾಲು ಅಪ್ಪಳಿಸಿದಳು. ಆಮೇಲೆ ಸಿಟ್ಟಿನಲ್ಲಿ ಒಂದು ಶಬ್ದ ಹೊರಬಂತು.

"ಬಅದ್."

ಅವರ ಅರಬಿಯಲ್ಲಿ ಇನ್ನೂ ಬೇಕು ಎಂದು. ಬಟ್ಟಲು ಇನ್ನೂ ಬಾರದ್ದನ್ನು ಕಂಡು ಅವಳೇ ಮತ್ತೊಮ್ಮೆ, ಜೋರಾಗಿ ಹೇಳಿದಳು. ಅಮ್ಮ ಬಟ್ಟಲನ್ನು ಮುಂದೆ ತಂದು ಪೂರ್ತಿ ಅವಳ ಕೈಗೇ ಕೊಟ್ಟಳು. ನೋಡಿದಿಯಾ, ಚಿನ್ನ ಅಂದರೆ ಹಾಗೆ ಎಂದು ನನ್ನ ಕಡೆ ತಿರುಗಿದಳು. ಚಿನ್ನವಲ್ಲ, ನಿನ್ನ ಹಟ ಎನ್ನುವ ಮಾತು ನಾಲಗೆಯ ತುದಿಯವರೆಗೆ ಬಂತು. ನನ್ನ ತಾಮ್ರದ ನಾಲಗೆ ಅವತ್ತೊಂದು ದಿನ ಸುಮ್ಮನಿತ್ತು.

ಬಾಬಾ ಆ ಶಬ್ದವನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ, ಗಡ್ಡದ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸದೆ ಕೂತಿದ್ದರು. ಹೊರಡುವಾಗ, ರಜೆ ಮುಗಿದು ಆಫೀಸಿಗೆ ಬರುವ ದಿನ ತಾಯಿಯನ್ನೂ ಕರಕೊಂಡು ಬಾ ಎಂದರು. ಕಲ್ಲಿನ ಮೇಲೆ ಬಿದ್ದಿದ್ದ ನಾಣ್ಯಕ್ಕೆ ಬಜೆ, ಜೇನು ಎಲ್ಲ ಮೆತ್ತಿಕೊಂಡಿತ್ತು. ನಾನು ಓಡಿಹೋಗಿ ಟಿಶ್ಯೂ ತಂದೆ. ಅವರು ಬೇಡವೆಂದು ತಲೆಯಾಡಿಸಿ, ನಾಣ್ಯವನ್ನು ಹಾಗೇ ಎತ್ತಿ ಬಿಳಿ ನಿಲುವಂಗಿಯ ಜೇಬಿಗೆ ಹಾಕಿಕೊಂಡರು.